ಅಷ್ಟೇನೂ ತಿನ್ನಲ್ಲ, ಆದರೂ ತೂಕ ಏರುತ್ತಿದೆ

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಕೂತು ಮಾಡುವ ಕೆಲಸ. ಆರು ವರ್ಷದ ಹಿಂದೆ 61 ಕೆ.ಜಿ. ಇದ್ದೆ, ಈಗ 70. ನಿಜ ಹೇಳಬೇಕೆಂದರೆ ನಾನು ಅಷ್ಟೇನೂ ತಿನ್ನುವವಳಲ್ಲ. ಬೆಳಗ್ಗೆ ಎರಡು ಸ್ಲೈಸ್ ಬ್ರೆಡ್ಡಿಗೆ ಜಾಮ್ ಹಚ್ಚಿಕೊಂಡು, ಒಂದು ಲೋಟ ಹಣ್ಣಿನ ಜ್ಯೂಸ್ ಕುಡಿಯುತ್ತೇನೆ. ಮಧ್ಯಾಹ್ನ ಮಾಮೂಲಿ ಊಟ. ಸಂಜೆ ಕಾಫಿ, ಜೊತೆಗೆ ಮೂರ್ನಾಲ್ಕು ಬಿಸ್ಕತ್ತು. ರಾತ್ರಿ ತುಂಬಾ ಲೈಟ್. ಹೋದ ವರ್ಷ ಅನ್ನ, ಬ್ರೆಡ್ಡು ಪೂರ್ತಿ ಬಿಟ್ಟು ಮೂರು ವಾರದಲ್ಲಿ 4 ಕೆ.ಜಿ. ಇಳಿಸಿದ್ದೆ. ಎರಡೇ ತಿಂಗಳಲ್ಲಿ ಎಲ್ಲ ವಾಪಸ್ ಬಂತು. ಥೈರಾಯ್ಡ್ ಸರಿಯಿದೆ. ರಕ್ತದ ಸಕ್ಕರೆ ಗಡಿಯಲ್ಲಿದೆ, ಬಿ.ಪಿ. ಸ್ವಲ್ಪ ಜಾಸ್ತಿ. ವಯಸ್ಸಾದ ಮೇಲೆ ಮೆಟಬಾಲಿಸಂ ಬಿದ್ದುಹೋಗುತ್ತೆ, ಇನ್ನು ಇಳಿಯಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ? ಸಕ್ಕರೆ ಬದಲು ಜೇನುತುಪ್ಪ ಬಳಸಲಾ? ಏನು ಬಿಡಲಿ, ಏನು ತಿನ್ನಲಿ?

ಉತ್ತರ: ಅಷ್ಟೇನೂ ತಿನ್ನುವುದಿಲ್ಲ ಎಂಬ ನಿಮ್ಮ ಮಾತನ್ನು ನಾನು ನಂಬುತ್ತೇನೆ. ನೀವು ಬರೆದಿರುವ ಬೆಳಗಿನ ತಿಂಡಿಯನ್ನು ತಟ್ಟೆಯಲ್ಲಿಟ್ಟು ನೋಡಿದರೆ ನಿಜಕ್ಕೂ ಸ್ವಲ್ಪವೇ ಕಾಣುತ್ತದೆ. ತೊಡಕು ಇರುವುದೂ ಅಲ್ಲೇ. ಅದು ಕಣ್ಣಿಗೆ ಸ್ವಲ್ಪ, ಹೊಟ್ಟೆಗೂ ಸ್ವಲ್ಪ. ಕ್ಯಾಲರಿ ಲೆಕ್ಕದಲ್ಲಿ ಮಾತ್ರ ಸ್ವಲ್ಪ ಅಲ್ಲ.

ಮೊದಲು ಒಂದು ಲೆಕ್ಕ ಹಾಕೋಣ. ಒಂದು ಕೆ.ಜಿ. ಮೈತೂಕದ ಹಿಂದೆ ಸುಮಾರು 7,700 ಕ್ಯಾಲರಿ ಇದೆ ಎಂಬುದು ಹಳೆಯ ಅಂದಾಜು. ಆ ಪ್ರಕಾರ ಆರು ವರ್ಷದಲ್ಲಿ 9 ಕೆ.ಜಿ. ಏರಿತು ಎಂದರೆ 69,000 ಚಿಲ್ಲರೆ ಕ್ಯಾಲರಿ ಮೈಯಲ್ಲಿ ಉಳಿಯಿತು. ದಿನಕ್ಕೆ ಹಂಚಿ ನೋಡಿ, 32 ಕೂಡ ಆಗುವುದಿಲ್ಲ. ಒಂದು ಟೀ ಚಮಚ ಎಣ್ಣೆಯಲ್ಲೇ 40 ಕ್ಯಾಲರಿ ಇರುತ್ತದೆ! ಇಷ್ಟು ಸಣ್ಣ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ, ನನ್ನ ಗಮನಕ್ಕೂ ಬರುವುದಿಲ್ಲ.

ಆದರೆ ಇದು ಅರ್ಧ ಕಥೆ. ಮೈ ಭಾರವಾದಷ್ಟೂ ಅದನ್ನು ಹೊತ್ತು ತಿರುಗುವ ಖರ್ಚೂ ಏರುತ್ತದೆ. 61 ಕೆ.ಜಿ. ಇದ್ದಾಗಿನ ಊಟವನ್ನೇ ಈಗಲೂ ಮಾಡುತ್ತಿದ್ದರೆ 70 ಕೆ.ಜಿ. ಉಳಿಯಲು ಸಾಧ್ಯವಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಯಾಗಿದ್ದ ಕೆವಿನ್ ಹಾಲ್ ಮತ್ತು ಜೊತೆಯವರು 2011ರಲ್ಲಿ ಇದಕ್ಕೊಂದು ಅಂದಾಜು ಕೊಟ್ಟರು. ದಿನದ ಆಹಾರ 24 ಕ್ಯಾಲರಿ ಏರಿ ಅಲ್ಲೇ ನಿಂತರೆ, ತೂಕವೂ ನಿಧಾನವಾಗಿ ಒಂದು ಕೆ.ಜಿ. ಏರಿ ನಿಲ್ಲುತ್ತದೆ. ಅದರಲ್ಲಿ ಅರ್ಧದಷ್ಟು ಮೊದಲ ವರ್ಷದಲ್ಲಿ ಆಗುತ್ತದೆ, ಹೆಚ್ಚುಕಡಿಮೆ ಪೂರ್ತಿ ಆಗಲು ಮೂರು ವರ್ಷ ಬೇಕು. ನಿಮ್ಮ 9 ಕೆ.ಜಿ.ಗೆ ಈ ಲೆಕ್ಕ ಹಾಕಿದರೆ 216 ಬರುತ್ತದೆ. ಅಂದರೆ ಆರು ವರ್ಷದ ಹಿಂದಿಗಿಂತ ಈಗ ನೀವು ದಿನಕ್ಕೆ 200ರ ಆಸುಪಾಸು ಕ್ಯಾಲರಿ ಜಾಸ್ತಿ ತಿನ್ನುತ್ತಿದ್ದೀರಿ, ಇಲ್ಲವೇ ಅಷ್ಟು ಕಡಿಮೆ ಓಡಾಡುತ್ತಿದ್ದೀರಿ. ಎರಡೂ ಸ್ವಲ್ಪ ಸ್ವಲ್ಪ ಇರಬಹುದು. ನೀವು ಹುಡುಕಬೇಕಾದ್ದು ಈ 200 ಕ್ಯಾಲರಿಯನ್ನು. ಅದಕ್ಕಾಗಿ ಇಡೀ ಊಟವನ್ನು ತಲೆಕೆಳಗು ಮಾಡಬೇಕಿಲ್ಲ.

ಇನ್ನು ವಯಸ್ಸಾದಂತೆ ಮೆಟಬಾಲಿಸಂ, ಅಂದರೆ ಮೈಯ ಶಕ್ತಿಯ ಖರ್ಚು, ಬಿದ್ದುಹೋಗುತ್ತದೆ ಎಂಬ ಮಾತು. ಇದನ್ನು ಎಲ್ಲರೂ ಹೇಳುತ್ತಾರೆ, ನಾನೂ ಮೊದಲು ಹೇಳುತ್ತಿದ್ದೆ. 2021ರಲ್ಲಿ ಹರ್ಮನ್ ಪಾಂಟ್ಸರ್ ಮತ್ತು ಹಲವು ದೇಶಗಳ ಸಂಶೋಧಕರು ಸೇರಿ 6,400ಕ್ಕೂ ಹೆಚ್ಚು ಜನರ ದಿನದ ಶಕ್ತಿಯ ಖರ್ಚನ್ನು ಒಟ್ಟುಗೂಡಿಸಿ ನೋಡಿದರು. ವಾರ ವಯಸ್ಸಿನ ಕೂಸಿನಿಂದ ತೊಂಬತ್ತು ದಾಟಿದವರ ತನಕ ಅದರಲ್ಲಿದ್ದರು. ಮೈಗಾತ್ರದ ವ್ಯತ್ಯಾಸ ತೆಗೆದು ನೋಡಿದರೆ 20ರಿಂದ 60ರ ವಯಸ್ಸಿನವರೆಗೆ ಈ ಖರ್ಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಇಳಿಯಲು ಶುರುವಾಗುವುದು 60ರ ನಂತರ, ಅದೂ ವರ್ಷಕ್ಕೆ ಶೇ. 1ಕ್ಕಿಂತ ಕಡಿಮೆ. ಹಾಗಾದರೆ ನಲವತ್ತರ ಮೇಲೆ ಏನಾಗುತ್ತದೆ? ಸ್ನಾಯು ಸ್ವಲ್ಪ ಕರಗುತ್ತದೆ. ಓಡಾಟ ಕಡಿಮೆಯಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುವ ವರ್ಷಗಳು ಹತ್ತಿರ ಬಂದಂತೆ ಕೊಬ್ಬು ತೊಡೆ, ಸೊಂಟ ಬಿಟ್ಟು ಹೊಟ್ಟೆಯ ಕಡೆ ಸೇರತೊಡಗುತ್ತದೆ. ನಿದ್ದೆ ಕೆಡುತ್ತದೆ. ಇವೆಲ್ಲ ನಿಜ. ಆದರೆ ‘ಇನ್ನು ಇಳಿಯಲ್ಲ’ ಅನ್ನುವುದು ನಿಜವಲ್ಲ.

ಹೋದ ವರ್ಷದ ಆ 4 ಕೆ.ಜಿ. ಏನಾಯಿತು? ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕೆ.ಜಿ. ಗ್ಲೈಕೋಜನ್ ಇರುತ್ತದೆ. ತುರ್ತು ಬಳಕೆಗೆ ಇಟ್ಟ ಪಿಷ್ಟ ಅಂದುಕೊಳ್ಳಿ. ಅದರ ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ, ಬ್ರೆಡ್ಡು ಪೂರ್ತಿ ನಿಲ್ಲಿಸಿದ ತಕ್ಷಣ ದೇಹ ಆ ದಾಸ್ತಾನು ಖಾಲಿ ಮಾಡುತ್ತದೆ, ನೀರೂ ಜೊತೆಯಲ್ಲೇ ಹೊರಟುಹೋಗುತ್ತದೆ. ಒಂದೂವರೆ ಎರಡು ಕೆ.ಜಿ. ಹೀಗೇ ಹೋಗಿರುತ್ತದೆ. ಮತ್ತೆ ಅನ್ನ ತಿಂದ ವಾರದಲ್ಲೇ ಅದು ವಾಪಸ್. ಅದು ಕೊಬ್ಬಲ್ಲ, ಹೋದಾಗ ಹಿಗ್ಗಬೇಕಿಲ್ಲ, ಬಂದಾಗ ಅಳಬೇಕಿಲ್ಲ.

ಉಳಿದದ್ದು ವಾಪಸ್ ಬಂದಿದ್ದಕ್ಕೆ ಬೇರೆ ಕಾರಣವಿದೆ. ದೇಹಕ್ಕೆ ಡಯಟ್ ಅಂದರೇನು ಅಂತ ಗೊತ್ತಿಲ್ಲ. ಅದು ಬರಗಾಲ ಬಂತು ಅಂದುಕೊಳ್ಳುತ್ತದೆ. ಕೊಬ್ಬಿನ ಕೋಶಗಳು ಬಿಡುವ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ, ಹಸಿವು ಏರುತ್ತದೆ, ಮೈ ಖರ್ಚು ತಗ್ಗಿಸುತ್ತದೆ. 1944–45ರಲ್ಲಿ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಎಲ್ಲರೂ ತಾವಾಗಿ ಒಪ್ಪಿ ಬಂದವರು. ಸರಾಸರಿ ಕಾಲುಭಾಗ ತೂಕ ಕಳೆದುಕೊಂಡರು. ಜೊತೆಗೆ ಇಡೀ ದಿನ ಊಟದ್ದೇ ಯೋಚನೆ, ಊಟದ್ದೇ ಕನಸು. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ಕೆಲವರ ಹಸಿವು ತಿಂಗಳುಗಟ್ಟಲೆ ಆರಲಿಲ್ಲ. ನೀವು ಮೂರು ವಾರ ಹಲ್ಲು ಕಚ್ಚಿ ಕೂತು, ನಾಲ್ಕನೇ ವಾರ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದ್ದರೆ ಅದು ಮನಸ್ಸಿನ ದೌರ್ಬಲ್ಯ ಅಲ್ಲ. ನಿಮ್ಮ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಹಾಗಾಗಿ ನನ್ನ ಹತ್ತಿರ ಬರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ‘ಎಷ್ಟು ತಿಂತೀರಿ’ ಅಂತ ಅಲ್ಲ. ‘ತಿಂದ ಮೇಲೆ ಎಷ್ಟು ಹೊತ್ತಿಗೆ ಮತ್ತೆ ಹಸಿವಾಗುತ್ತೆ’ ಅಂತ. ಒಂದೇ ಕ್ಯಾಲರಿಯ ಎರಡು ಆಹಾರ ಹೊಟ್ಟೆಯನ್ನು ಒಂದೇ ಥರ ತುಂಬಿಸುವುದಿಲ್ಲ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಜೊತೆಯವರು 38 ಆಹಾರಗಳನ್ನು ಆರಿಸಿ, ಪ್ರತಿಯೊಂದನ್ನೂ ಸರಿಯಾಗಿ 240 ಕ್ಯಾಲರಿಯಷ್ಟು ಬಡಿಸಿ, ಎರಡು ಗಂಟೆ ಕಾಲ ಆಗಾಗ ಹೊಟ್ಟೆ ಎಷ್ಟು ತುಂಬಿದೆ ಎಂದು ಕೇಳುತ್ತಾ ಹೋದರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತ ಇಟ್ಟುಕೊಂಡರು. ಎಲ್ಲಕ್ಕಿಂತ ಮೇಲೆ ಬಂದದ್ದು, ನಂಬಿದರೆ ನಂಬಿ, ಬೇಯಿಸಿದ ಆಲೂಗಡ್ಡೆ. ಅದಕ್ಕೆ 323. ಕೊನೆಯ ಸ್ಥಾನ ಬೆಣ್ಣೆ ಹಾಕಿ ಮಾಡುವ ಕ್ರೊಸಾಂಟ್ ಎಂಬ ಬೇಕರಿ ತಿನಿಸಿಗೆ, 47. ತೂಕ ಏರಿಸುತ್ತದೆ ಅಂತ ಎಲ್ಲರೂ ಬೈಯುವ ಆಲೂಗಡ್ಡೆ ಅಷ್ಟು ಒಳ್ಳೆಯ ಊಟ. ಅದನ್ನೇ ತೆಳ್ಳಗೆ ಹೆಚ್ಚಿ ಎಣ್ಣೆಗೆ ಹಾಕಿದರೆ ಕಥೆ ಬೇರೆ. 100 ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ 90ಕ್ಕಿಂತ ಕಡಿಮೆ ಕ್ಯಾಲರಿ, 100 ಗ್ರಾಂ ಚಿಪ್ಸ್‌ನಲ್ಲಿ 500ಕ್ಕೂ ಮೇಲೆ. ನೀರು ಹೋಯಿತು, ಎಣ್ಣೆ ಬಂತು. ಹೊಟ್ಟೆಗೆ ಭಾರ ಕೊಡುತ್ತಿದ್ದದ್ದು ಹೋಗಿ, ಭಾರವೇ ಗೊತ್ತಾಗದ್ದು ಸೇರಿಕೊಂಡಿತು.

ಪ್ಯಾಕೆಟ್ ತಿಂಡಿಗಳ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಆ ಸಿಟ್ಟಿಗೆ ಒಳ್ಳೆಯ ಆಧಾರವೂ ಇದೆ. ಮೇಲೆ ಹೇಳಿದ ಕೆವಿನ್ ಹಾಲ್ ಅವರೇ 2019ರಲ್ಲಿ ಒಂದು ಪ್ರಯೋಗದ ಫಲಿತಾಂಶ ಕೊಟ್ಟರು. ಇಪ್ಪತ್ತು ಜನ ನಾಲ್ಕು ವಾರ ಸಂಶೋಧನಾ ಆಸ್ಪತ್ರೆಯಲ್ಲೇ ಇದ್ದರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ, ಅತಿಯಾಗಿ ಸಂಸ್ಕರಿಸಿದ ಆಹಾರ. ಇನ್ನೆರಡು ವಾರ ಮನೆಯಲ್ಲಿ ಬೇಯಿಸುವಂಥ ಸಾದಾ ಆಹಾರ. ಮುಂದಿಟ್ಟ ತಟ್ಟೆಯಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬೇಕಾದಷ್ಟು ತಿನ್ನಿ, ಬೇಡವಾದರೆ ಬಿಡಿ ಅಂದರು. ಪ್ಯಾಕೆಟ್ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು. ಎರಡೇ ವಾರದಲ್ಲಿ ಸುಮಾರು 0.9 ಕೆ.ಜಿ. ಏರಿತು. ಸಾದಾ ಊಟದಲ್ಲಿ ಅಷ್ಟೇ ಇಳಿಯಿತು. ಯಾರೂ ಡಯಟ್ ಮಾಡಿರಲಿಲ್ಲ. ಇಳಿಯಬೇಕು ಅಂತ ಯಾರೂ ಹಟ ಹಿಡಿದಿರಲಿಲ್ಲ.

ಯಾಕೆ ಹೀಗೆ? ಒಂದು ಮುಖ್ಯ ಸುಳಿವು ತಿನ್ನುವ ವೇಗ. ಮೆತ್ತಗಿನ, ನೀರಿಲ್ಲದ, ಬಾಯಲ್ಲಿ ಕರಗುವ ತಿಂಡಿಯನ್ನು ಜನ ಬೇಗ ಬೇಗ ತಿಂದರು. ಸಾಕು ಎಂಬ ಸುದ್ದಿ ಕರುಳಿನಿಂದ ಮೆದುಳಿಗೆ ಮುಟ್ಟಲು ಸ್ವಲ್ಪ ಹೊತ್ತು ಬೇಕು. ಸುದ್ದಿ ಮುಟ್ಟುವ ಮೊದಲೇ ಪ್ಯಾಕೆಟ್ ಖಾಲಿ.

ಇದರ ಕೊನೆಯ ಹಂತ ಕುಡಿಯುವ ಕ್ಯಾಲರಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಬಿದ್ದದ್ದೇ ಆ ಜ್ಯೂಸ್ ಲೋಟದ ಮೇಲೆ. 250 ಮಿ.ಲೀ. ಕಿತ್ತಳೆ ಜ್ಯೂಸಿನಲ್ಲಿ ಸುಮಾರು 110 ಕ್ಯಾಲರಿ, 20 ಗ್ರಾಂ ದಾಟಿದ ಸಕ್ಕರೆ. ಅಷ್ಟು ರಸಕ್ಕೆ ಮೂರು ಹಣ್ಣಾದರೂ ಬೇಕು. ಮೂರು ಕಿತ್ತಳೆಯನ್ನು ಸುಲಿದು ತಿನ್ನಲು ಕೂತರೆ ಎರಡನೆಯದಕ್ಕೇ ಸಾಕೆನಿಸುತ್ತದೆ, ಅಲ್ವಾ? 1977ರಲ್ಲೇ ಬ್ರಿಟನ್ನಿನ ಸಂಶೋಧಕರು ಸೇಬನ್ನು ಮೂರು ಥರ ಕೊಟ್ಟು ನೋಡಿದ್ದರು: ಇಡೀ ಹಣ್ಣು, ಅರೆದ ಹಣ್ಣು, ಜ್ಯೂಸ್. ಜ್ಯೂಸ್ ಇಡೀ ಹಣ್ಣಿಗಿಂತ 11 ಪಟ್ಟು ಬೇಗ ಖಾಲಿಯಾಯಿತು, ಹೊಟ್ಟೆ ಮಾತ್ರ ಅಷ್ಟು ತುಂಬಲಿಲ್ಲ. ಕುಡಿದ ಮೇಲೆ ಇನ್ಸುಲಿನ್ ಜಾಸ್ತಿ ಏರಿತು, ಆಮೇಲೆ ರಕ್ತದ ಸಕ್ಕರೆ ಕೆಳಗೆ ಜಾರಿತು. 2000ದಲ್ಲಿ ಬಂದ ಇನ್ನೊಂದು ಸಣ್ಣ ಅಧ್ಯಯನ ನನಗೆ ಇನ್ನೂ ಇಷ್ಟ. ಹದಿನೈದು ಜನಕ್ಕೆ ನಾಲ್ಕು ವಾರ ದಿನಾ 450 ಕ್ಯಾಲರಿಯ ಸಿಹಿ ಮಿಠಾಯಿ, ಇನ್ನು ನಾಲ್ಕು ವಾರ ಅಷ್ಟೇ ಕ್ಯಾಲರಿಯ ಸೋಡಾ ಕೊಟ್ಟರು. ಮಿಠಾಯಿ ತಿಂದಾಗ ಅವರು ತಮಗೇ ಗೊತ್ತಿಲ್ಲದೆ ಉಳಿದ ಊಟ ಕಡಿಮೆ ಮಾಡಿದರು. ಸೋಡಾ ಕುಡಿದಾಗ ಊಟ ಇದ್ದಷ್ಟೇ ಇತ್ತು, ಸೋಡಾ ಅದರ ಮೇಲಿಂದ ಸೇರಿತು, ತೂಕ ಏರಿತು. ದ್ರವವಾಗಿ ಹೋದ ಕ್ಯಾಲರಿಯನ್ನು ಹೊಟ್ಟೆ ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾಗಿ ನಿಮ್ಮ ಬೆಳಗಿನ ತಟ್ಟೆಗೇ ಬರೋಣ. ಎರಡು ಸ್ಲೈಸ್ ಬ್ರೆಡ್ಡು ಸುಮಾರು 160, ಒಂದು ದೊಡ್ಡ ಚಮಚ ಜಾಮ್ 50, ಜ್ಯೂಸ್ 110. ಒಟ್ಟು 320. ಇದರಲ್ಲಿ ಪ್ರೋಟೀನ್ 7 ಗ್ರಾಂ ಆಸುಪಾಸು, ನಾರು ಹೆಸರಿಗೆ ಮಾತ್ರ. ಹನ್ನೊಂದು ಗಂಟೆಗೆ ಹೊಟ್ಟೆ ಕರೆಯದಿದ್ದರೇ ಆಶ್ಚರ್ಯ. ಈಗ ಅದೇ ಕ್ಯಾಲರಿಯಲ್ಲಿ ಬೇರೆ ತಟ್ಟೆ ಹಾಕೋಣ. ಒಂದು ಸ್ಲೈಸ್ ಇಡೀ ಗೋಧಿಯ ಬ್ರೆಡ್ಡು 80, ಎರಡು ಬೇಯಿಸಿದ ಮೊಟ್ಟೆ 140, ಒಂದು ಇಡೀ ಕಿತ್ತಳೆ 60, ಜೊತೆಗೆ ಒಂದು ಹಿಡಿ ಸೌತೆಕಾಯಿ, ಟೊಮೆಟೊ. 300ರ ಹತ್ತಿರ ಬಂತು. ಪ್ರೋಟೀನ್ 16 ಗ್ರಾಂ ದಾಟಿತು. ಮೊಟ್ಟೆ ತಿನ್ನದಿದ್ದರೆ ಮುಕ್ಕಾಲು ಬಟ್ಟಲು ಬೇಯಿಸಿದ ಕಾಳು ಹಾಕಿಕೊಳ್ಳಿ. ನನ್ನ ಕೇಳಿದರೆ ಕಾಳೇ ಮೇಲು. ಅರ್ಧ ಬಟ್ಟಲು ಬೇಯಿಸಿದ ಕಾಳಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನ್, 7 ಗ್ರಾಂ ನಾರು, ಕ್ಯಾಲರಿ 115. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚಿನವರ ಊಟದಲ್ಲಿ ಅಷ್ಟು ಇರುವುದೇ ಇಲ್ಲ. ಒಂದು ಎಚ್ಚರಿಕೆ: ನಾರನ್ನು ಒಂದೇ ವಾರದಲ್ಲಿ ಎರಡು ಪಟ್ಟು ಮಾಡಬೇಡಿ. ಗ್ಯಾಸ್ ಆಗಿ, ಹೊಟ್ಟೆ ಉಬ್ಬರಿಸಿ, ನನಗೇ ಬೈಯುತ್ತೀರಿ.

ಪ್ರೋಟೀನಿನ ಮೇಲೆ ಇಷ್ಟು ಒತ್ತು ಯಾಕೆಂದರೆ ಅದು ಹೊಟ್ಟೆಯನ್ನು ಹೆಚ್ಚು ಹೊತ್ತು ಸುಮ್ಮನಿರಿಸುತ್ತದೆ. ಜೀರ್ಣ ಮಾಡಿಕೊಳ್ಳಲೇ ಅದರ ಕ್ಯಾಲರಿಯಲ್ಲಿ ಶೇ. 20ರಿಂದ 30ರಷ್ಟು ಖರ್ಚಾಗುತ್ತದೆ. ಕೊಬ್ಬಿಗೆ ಆ ಖರ್ಚು ಶೇ. 3ರ ಒಳಗೆ. ನಲವತ್ತರ ಮೇಲೆ ಸ್ನಾಯು ಉಳಿಸಿಕೊಳ್ಳಲೂ ಪ್ರೋಟೀನ್ ಬೇಕು. ಪುಡಿ, ಶೇಕ್ ಏನೂ ಬೇಡ. ಮೂರು ಹೊತ್ತೂ ತಟ್ಟೆಯಲ್ಲಿ ಕಾಳು, ಮೊಟ್ಟೆ, ಮೊಸರು, ಮೀನು, ಮಾಂಸ ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಸಾಕು.

ಎಣ್ಣೆಯ ಬಗ್ಗೆ ಎರಡು ಮಾತು. ಪಿಷ್ಟಕ್ಕೂ ಪ್ರೋಟೀನಿಗೂ ಗ್ರಾಂಗೆ 4 ಕ್ಯಾಲರಿ, ಕೊಬ್ಬಿಗೆ 9. ಯಾವ ಎಣ್ಣೆಯಾದರೂ ಅಷ್ಟೇ. ‘ಒಳ್ಳೆ ಎಣ್ಣೆ’ ಹೃದಯಕ್ಕೆ ಒಳ್ಳೆಯದಿರಬಹುದು, ಸೊಂಟಕ್ಕೆ ಯಾವ ರಿಯಾಯಿತಿಯೂ ಇಲ್ಲ. ಬಾಟಲಿಯಿಂದ ನೇರ ಬಾಣಲೆಗೆ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಿ. ನಾನು ಮೊದಲ ಸಲ ಹೀಗೆ ಅಳೆದ ದಿನ ನನ್ನ ‘ಸ್ವಲ್ಪ’ ಎಂದರೆ ಮೂರು ದೊಡ್ಡ ಚಮಚ ಅಂತ ಗೊತ್ತಾಯಿತು. ಅಂದರೆ 360 ಕ್ಯಾಲರಿ. ಪಥ್ಯ ಹೇಳಿಕೊಡುವವಳ ಮನೆಯ ಕಥೆ ಇದು!

ಬೀಜಗಳ ವಿಷಯ ಸ್ವಲ್ಪ ಬೇರೆ. 28 ಗ್ರಾಂ ಇಡೀ ಬಾದಾಮಿಯಲ್ಲಿ ಲೆಕ್ಕದ ಪ್ರಕಾರ 170 ಕ್ಯಾಲರಿ ಸಿಗಬೇಕು. 2012ರಲ್ಲಿ ಅಳೆದು ನೋಡಿದಾಗ ಮೈಗೆ ನಿಜಕ್ಕೂ ಸಿಕ್ಕಿದ್ದು 129. ಉಳಿದದ್ದು ಜೀರ್ಣವಾಗದೆ ಹೊರಗೆ ಹೋಗಿತ್ತು. ಲೇಬಲ್ಲಿನ ಸಂಖ್ಯೆಯನ್ನು ವೇದವಾಕ್ಯ ಅಂದುಕೊಳ್ಳಬೇಡಿ ಅನ್ನುವುದು ಇದಕ್ಕೇ. ಹಾಗಂತ ಟಿ.ವಿ. ನೋಡುತ್ತಾ ಡಬ್ಬಿ ಖಾಲಿ ಮಾಡಬೇಡಿ. ಒಂದು ಹಿಡಿ ತೆಗೆದುಕೊಂಡು ಮುಚ್ಚಳ ಹಾಕಿಬಿಡಿ.

ಜೇನುತುಪ್ಪ ಕೇಳಿದ್ದಿರಿ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಸಕ್ಕರೆಯೇ. ಒಂದು ಚಮಚ ಜೇನು ಗಟ್ಟಿಯಾಗಿ ಕೂರುವುದರಿಂದ ಒಂದು ಚಮಚ ಸಕ್ಕರೆಗಿಂತ ಅದರಲ್ಲಿ ಕ್ಯಾಲರಿ ಸ್ವಲ್ಪ ಜಾಸ್ತಿಯೇ ಇರುತ್ತದೆ. ರುಚಿಗೆ ಬೇಕಾದರೆ ಹಾಕಿಕೊಳ್ಳಿ, ತೂಕಕ್ಕಾಗಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಮಿತಿಯಲ್ಲಿಡಿ ಎನ್ನುವ ಸಕ್ಕರೆಯ ಪಟ್ಟಿಯಲ್ಲಿ ಜೇನೂ ಇದೆ, ಜ್ಯೂಸಿನ ಸಕ್ಕರೆಯೂ ಇದೆ. ಇಡೀ ಹಣ್ಣಿನೊಳಗಿನ ಸಕ್ಕರೆ ಮಾತ್ರ ಇಲ್ಲ. ದಿನದ ಕ್ಯಾಲರಿಯಲ್ಲಿ ಇದು ಶೇ. 10ರ ಒಳಗಿರಲಿ, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ಅವರ ಸಲಹೆ. 2,000 ಕ್ಯಾಲರಿ ತಿನ್ನುವವರಿಗೆ ಶೇ. 5 ಅಂದರೆ 25 ಗ್ರಾಂ. ನಿಮ್ಮ ಜ್ಯೂಸು, ಜಾಮು ಸೇರಿದರೆ ಬೆಳಗ್ಗೆಯೇ ಅದು ಮುಗಿದಿರುತ್ತದೆ. ಕ್ಯಾಲರಿ ಇಲ್ಲದ ಸಿಹಿ ಮಾತ್ರೆಗಳೂ ದೊಡ್ಡ ಪರಿಹಾರವಲ್ಲ. ತೂಕ ಇಳಿಸಲು ಅವನ್ನು ನೆಚ್ಚಿಕೊಳ್ಳಬೇಡಿ ಎಂದು 2023ರಲ್ಲಿ ಅದೇ ಸಂಸ್ಥೆ ಹೇಳಿದೆ. ಕಾಫಿಗೆ ಸಕ್ಕರೆ ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತಾ ಹೋಗಿ. ನಾಲಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಬೇರೆಯವರ ಮನೆಯ ಕಾಫಿ ಪಾಯಸದ ಹಾಗೆ ಅನ್ನಿಸುತ್ತದೆ.

ಅನ್ನ ಬಿಡಬೇಕಾ? ಬೇಡ. ಕೊಬ್ಬು ಬಿಡುವುದು ಮೇಲೋ, ಪಿಷ್ಟ ಬಿಡುವುದು ಮೇಲೋ ಎಂಬ ಜಗಳ ಎಷ್ಟೋ ವರ್ಷದಿಂದ ನಡೆದಿದೆ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ 2018ರಲ್ಲಿ 609 ಜನರ ಮೇಲೆ ಒಂದು ವರ್ಷ ನಡೆಸಿದ ಅಧ್ಯಯನ ಪ್ರಕಟಿಸಿದರು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆ.ಜಿ. ಇಳಿದರು, ಪಿಷ್ಟ ಕಡಿಮೆ ಮಾಡಿದವರು 6 ಕೆ.ಜಿ. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಆದರೆ ಒಂದೇ ಗುಂಪಿನ ಒಳಗೆ ಕೆಲವರು 25 ಕೆ.ಜಿ. ಇಳಿದರೆ, ಕೆಲವರು ತೂಕ ಏರಿಸಿಕೊಂಡಿದ್ದರು. ಎರಡೂ ಗುಂಪಿಗೆ ಹೇಳಿದ್ದ ಮಾತು ಒಂದಿತ್ತು: ತರಕಾರಿ ಜಾಸ್ತಿ, ಸಕ್ಕರೆ, ಮೈದಾ ಕಡಿಮೆ, ಆದಷ್ಟು ಮನೆ ಅಡುಗೆ. ಜಗಳದಲ್ಲಿ ಈ ಮಾತು ಯಾರಿಗೂ ಕೇಳಿಸಲೇ ಇಲ್ಲ ಎಂಬುದು ನನ್ನ ಬೇಸರ. ಅನ್ನ ತಟ್ಟೆಯ ಕಾಲುಭಾಗ ಇರಲಿ, ಅರ್ಧ ತಟ್ಟೆ ತರಕಾರಿ, ಉಳಿದ ಕಾಲು ಪ್ರೋಟೀನ್. ನಿಮ್ಮ ಸಕ್ಕರೆ ಗಡಿಯಲ್ಲಿರುವುದರಿಂದ ತರಕಾರಿ, ಕಾಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ತಿನ್ನಿ. ಅಷ್ಟರಿಂದಲೇ ಊಟದ ನಂತರ ಸಕ್ಕರೆ ಏರುವುದು ಸ್ವಲ್ಪ ತಗ್ಗುತ್ತದೆ.

‘ರಾತ್ರಿ ತುಂಬಾ ಲೈಟ್’ ಎಂದಿರಿ. ನನಗೆ ಈ ಮಾತಿನ ಮೇಲೆ ಸ್ವಲ್ಪ ಅನುಮಾನ, ತಪ್ಪು ತಿಳಿಯಬೇಡಿ. ಎಂಟಕ್ಕೆ ಲೈಟಾಗಿ ಉಂಡವರು ಹತ್ತೂವರೆಗೆ ಅಡುಗೆ ಮನೆಗೆ ಹೋಗಿ ನಿಂತುಕೊಂಡು ತಿನ್ನುತ್ತಾರೆ. ನಿಂತು ತಿಂದದ್ದು ನೆನಪಿನಲ್ಲಿ ಉಳಿಯುವುದಿಲ್ಲ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ‘ಎಷ್ಟು ಕಡಿಮೆ ತಿಂದರೂ ಇಳಿಯುತ್ತಿಲ್ಲ’ ಎನ್ನುವವರನ್ನೇ ಹುಡುಕಿ ಅಳೆದರು. ಅವರ ಮೆಟಬಾಲಿಸಂ ಸರಿಯಾಗಿಯೇ ಇತ್ತು. ಆದರೆ ತಿಂದದ್ದನ್ನು ಸರಾಸರಿ ಶೇ. 47 ಕಡಿಮೆ ಬರೆದಿದ್ದರು, ಓಡಾಟವನ್ನು ಶೇ. 51 ಜಾಸ್ತಿ ಬರೆದಿದ್ದರು. ಸುಳ್ಳು ಹೇಳಬೇಕು ಅಂತ ಅಲ್ಲ. ಮರೆವು ಹಾಗೆ ಕೆಲಸ ಮಾಡುತ್ತದೆ. ನಾನು ಒಮ್ಮೆ ಒಂದು ವಾರ ತಿಂದ ತಕ್ಷಣ ಬರೆದಿಟ್ಟೆ. ಮಗಳು ತಟ್ಟೆಯಲ್ಲಿ ಬಿಟ್ಟದ್ದು, ಅಡುಗೆ ಮಾಡುವಾಗ ರುಚಿ ನೋಡಿದ್ದು, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು. ಇವೆಲ್ಲ ನನ್ನ ಲೆಕ್ಕದಲ್ಲಿ ಅಲ್ಲಿಯವರೆಗೆ ಊಟವೇ ಆಗಿರಲಿಲ್ಲ. ನೀವೂ ಒಂದೇ ಒಂದು ವಾರ ಬರೆಯಿರಿ. ಕ್ಯಾಲರಿ ಬೇಡ, ಬರೀ ಏನು, ಯಾವಾಗ, ಹಸಿವಿತ್ತಾ ಇಲ್ವಾ, ಇಷ್ಟು ಸಾಕು.

ನಿಮ್ಮ ಪತ್ರದಲ್ಲಿ ತೂಕವೇ ದೊಡ್ಡದಾಗಿ ಕೂತಿದೆ. ನನಗೆ ಅದಕ್ಕಿಂತ ಬಿ.ಪಿ., ಸಕ್ಕರೆ ಮುಖ್ಯ. ಒಳ್ಳೆಯ ಸುದ್ದಿ ಎಂದರೆ ಇವೆರಡೂ ತಕ್ಕಡಿಗಾಗಿ ಕಾಯುವುದಿಲ್ಲ. 1997ರ ಡ್ಯಾಶ್ ಅಧ್ಯಯನದಲ್ಲಿ 459 ಜನರಿದ್ದರು. ಅವರಲ್ಲಿ ಒಂದು ಗುಂಪಿಗೆ ಎಂಟು ವಾರ ತರಕಾರಿ, ಹಣ್ಣು, ಕೊಬ್ಬು ಕಡಿಮೆ ಇರುವ ಹಾಲು ಮೊಸರು, ಕಾಳು, ಬೀಜಗಳು ಜಾಸ್ತಿಯಿರುವ ಊಟ ಕೊಟ್ಟರು. ತೂಕ ಬದಲಾಗದಂತೆ ನೋಡಿಕೊಂಡರು, ಉಪ್ಪೂ ಬದಲಾಗಲಿಲ್ಲ. ಆದರೂ ಬಿ.ಪಿ. ಇದ್ದವರಲ್ಲಿ ಮೇಲಿನ ಅಂಕಿ, ಮಾಮೂಲಿ ಊಟದವರಿಗೆ ಹೋಲಿಸಿದರೆ, ಸರಾಸರಿ 11 ಅಂಶ ಇಳಿಯಿತು. ಒಂದು ಮಾತ್ರೆ ಮಾಡುವಷ್ಟು ಕೆಲಸ ಅದು. ಉಪ್ಪನ್ನೂ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ತಂದರೆ ಇನ್ನಷ್ಟು ಇಳಿಯುತ್ತದೆ. ಡಬ್ಬಿಯಲ್ಲಿರುವ ಉಪ್ಪು ಮಾತ್ರ ಅಲ್ಲ, ಬ್ರೆಡ್ಡು, ಸಾಸು, ಚಿಪ್ಸು, ಸೂಪಿನ ಪ್ಯಾಕೆಟ್ಟಿನಲ್ಲಿ ಅಡಗಿರುವುದೂ ಲೆಕ್ಕಕ್ಕೆ ಬರುತ್ತದೆ.

ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2002ರಲ್ಲಿ ಬಂತು. ಅವರಲ್ಲಿ ಒಂದು ಗುಂಪಿಗೆ ತೂಕದಲ್ಲಿ ಶೇ. 7 ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು, ಗುರಿ ಇವೆರಡೇ. ಸುಮಾರು ಮೂರು ವರ್ಷದಲ್ಲಿ ಅವರಿಗೆ ಮಧುಮೇಹ ಬರುವುದು ಶೇ. 58 ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟ ಗುಂಪಿನಲ್ಲಿ ಅದು ಶೇ. 31 ಮಾತ್ರ. ನಿಮಗೆ ಶೇ. 7 ಅಂದರೆ 5 ಕೆ.ಜಿ. ಮತ್ತೆ 61 ಆಗಲೇಬೇಕು ಅಂತಿಲ್ಲ. 65 ಸಾಕು, ಅದೂ ಒಂದು ವರ್ಷ ತೆಗೆದುಕೊಂಡರೂ ಪರವಾಗಿಲ್ಲ.

ನಡಿಗೆಯಿಂದಲೇ ತೂಕ ಇಳಿಯುತ್ತದೆ ಅಂತ ನಾನು ಆಸೆ ತೋರಿಸುವುದಿಲ್ಲ. ಅರ್ಧ ಗಂಟೆ ನಡೆದು ಖರ್ಚು ಮಾಡಿದ್ದನ್ನು ಎರಡು ಮೂರು ಬಿಸ್ಕತ್ತು ವಾಪಸ್ ತಂದುಬಿಡುತ್ತವೆ. ಆದರೆ ಇಳಿದ ತೂಕ ಇಳಿದಲ್ಲೇ ನಿಲ್ಲಲು ನಡಿಗೆ ಬೇಕೇ ಬೇಕು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಸ್ನಾಯುಗಳು ರಕ್ತದ ಸಕ್ಕರೆಯನ್ನು ಅಲ್ಲೇ ಎಳೆದುಕೊಳ್ಳುತ್ತವೆ. ನಿದ್ದೆಯನ್ನೂ ಮರೆಯಬೇಡಿ. ದಿನಾ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ 80 ಜನರನ್ನು 2022ರ ಒಂದು ಅಧ್ಯಯನಕ್ಕೆ ತೆಗೆದುಕೊಂಡರು. ಅವರಲ್ಲಿ ಅರ್ಧ ಜನರಿಗೆ ಒಂದು ಗಂಟೆಗೂ ಸ್ವಲ್ಪ ಜಾಸ್ತಿ ನಿದ್ದೆ ಸಿಗುವಂತೆ ಮಾಡಿದರು. ಊಟದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಉಳಿದವರಿಗೆ ಹೋಲಿಸಿದರೆ ಅವರು ದಿನಕ್ಕೆ ಸುಮಾರು 270 ಕ್ಯಾಲರಿ ಕಡಿಮೆ ತಿಂದರು. ನಾವು ಹುಡುಕುತ್ತಿದ್ದ ಆ 200 ನೆನಪಿದೆಯಲ್ಲ?

ಎಲ್ಲವನ್ನೂ ಸೋಮವಾರದಿಂದಲೇ ಶುರು ಮಾಡಬೇಡಿ. ಮೊದಲ ಎರಡು ವಾರ ಜ್ಯೂಸ್ ಬಿಟ್ಟು ಇಡೀ ಹಣ್ಣು ತಿನ್ನಿ, ಅಷ್ಟೇ. ಆಮೇಲೆ ಬೆಳಗಿನ ತಟ್ಟೆಗೆ ಪ್ರೋಟೀನ್ ತನ್ನಿ. ಸಂಜೆಯ ಬಿಸ್ಕತ್ತಿನ ಜಗಳಕ್ಕೆ ಆಗಲೇ ಕೈ ಹಾಕಬೇಡಿ. ಬೆಳಗ್ಗೆ, ಮಧ್ಯಾಹ್ನ ಹೊಟ್ಟೆ ತುಂಬಿದ್ದರೆ ನಾಲ್ಕು ಬಿಸ್ಕತ್ತು ತಾನಾಗಿ ಎರಡಕ್ಕೆ ಬರುವುದನ್ನು ಎಷ್ಟೋ ಜನರಲ್ಲಿ ನೋಡಿದ್ದೇನೆ. ತಕ್ಕಡಿ ಏರುವುದಾದರೆ ಬೆಳಗ್ಗೆ ಏನೂ ತಿನ್ನುವ ಮೊದಲು ಏರಿ, ವಾರದ ಸರಾಸರಿ ಬರೆದಿಡಿ. ಉಪ್ಪು, ನೀರು, ಮುಟ್ಟಿನ ದಿನಗಳಿಂದ ಒಂದೆರಡು ಕೆ.ಜಿ. ಆಚೀಚೆ ಆಗುತ್ತಲೇ ಇರುತ್ತದೆ. ಸೊಂಟದ ಸುತ್ತಳತೆಯನ್ನೂ ತಿಂಗಳಿಗೊಮ್ಮೆ ಟೇಪಿನಲ್ಲಿ ನೋಡಿ. ಕೊಬ್ಬು ಕರಗಿ ಸ್ನಾಯು ಉಳಿದರೆ ತಕ್ಕಡಿಗಿಂತ ಮೊದಲು ಟೇಪು ಹೇಳುತ್ತದೆ.

ಬಿ.ಪಿ. ಅಥವಾ ಸಕ್ಕರೆಗೆ ಈಗಾಗಲೇ ಮಾತ್ರೆ ಶುರುವಾಗಿದ್ದರೆ ಊಟ ಬದಲಿಸುವ ಮೊದಲು ನಿಮ್ಮ ಡಾಕ್ಟರಿಗೆ ಹೇಳಿ. ಊಟ ಬದಲಾದ ಮೇಲೆ ಅದೇ ಡೋಸು ಕೆಲವೊಮ್ಮೆ ಜಾಸ್ತಿಯಾಗುತ್ತದೆ. ಕಿಡ್ನಿ ತೊಂದರೆ ಇರುವವರು ನಾನು ಹೇಳಿದ ಪ್ರೋಟೀನಿನ ಲೆಕ್ಕವನ್ನು ಡಾಕ್ಟರನ್ನು ಕೇಳದೆ ಪಾಲಿಸಬಾರದು. ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ, ಹಿಂದಿನ ದಿನ ಉಪವಾಸ ಮಾಡಿ ಅದಕ್ಕೆ ಮೋಸ ಮಾಡಲು ಆಗುವುದಿಲ್ಲ. ಆ ರಿಪೋರ್ಟನ್ನೂ, ಒಂದು ವಾರ ಬರೆದಿಟ್ಟ ಊಟದ ಪಟ್ಟಿಯನ್ನೂ ಕಳಿಸಿ. ರಾತ್ರಿ ಹತ್ತೂವರೆಯ ಸಾಲನ್ನು ಬಿಡದೆ ಬರೆಯಿರಿ.